ಮೈಕ್ ಓಂಕಾರಣ್ಣನ ಹದಿನೇಳು ದಿನ

ಬೀರೂರಿನಲ್ಲಿ ಓಂಕಾರಮೂರ್ತಿಯ ಅಂಗಡಿ ಎಲ್ಲಿ ಎಂದು ಕೇಳಿದರೆ ಜನ ಮುಖಮುಖ ನೋಡಿಕೊಳ್ಳುತ್ತಾರೆ. ಮೈಕ್ ಓಂಕಾರಣ್ಣ ಎನ್ನಿ, ರೈಲು ಇಳಿದ ಕಡೆಯಿಂದಲೇ ಕೈ ಮಾಡಿ ತೋರಿಸುತ್ತಾರೆ. ಅವನು ಹಿರೇನಲ್ಲೂರಿನವನು. ಎಸ್ಸೆಸ್ಸೆಲ್ಸಿಯಲ್ಲಿ ಲೆಕ್ಕ ಕೈಕೊಟ್ಟ ಮೇಲೆ ಕಡೂರಿನ ತೀರ್ಥಪ್ಪನ ರೇಡಿಯೋ ರಿಪೇರಿ ಅಂಗಡಿ ಸೇರಿ, ಆರು ವರ್ಷ ಬೆಸುಗೆಯ ಹೊಗೆ ಕುಡಿದು, ಆಮೇಲೆ ಬೀರೂರಿನ ಕೊಬ್ಬರಿ ಮಂಡಿಯ ಪಕ್ಕ ಸ್ವಂತ ಮೈಕ್‌ಸೆಟ್ ಇಟ್ಟವನು. ತೀರ್ಥಪ್ಪ ಕಲಿಸಿದ್ದು ಒಂದೇ ಸೂತ್ರ. ಸೆಟ್ಟು ಕರಕರ ಅಂದರೆ ಎಲ್ಲವನ್ನೂ ಒಟ್ಟಿಗೆ ಬಿಚ್ಚಬಾರದು. "ಒಂದೊಂದೇ ಬದಲಾಯ್ಸು ಕಣೋ. ಯಾವ್ದನ್ನ ಬದಲಾಯಿಸ್ದಾಗ ಸದ್ದು ನಿಲ್ತದೋ ಅದೇ ಕಳ್ಳ." ಆ ಸೂತ್ರ ಓಂಕಾರಮೂರ್ತಿಗೆ ಮೂವತ್ತೈದು ವರ್ಷ ಅನ್ನ ಹಾಕಿತು. ಕೊನೆಗೊಂದು ದಿನ ಅದೇ ಅವನ ಕತ್ತು ಹಿಡಿಯಿತು.

ಅವನ ಕಿವಿ ಎಷ್ಟು ಸೂಕ್ಷ್ಮವೋ ಬಾಯಿ ಅಷ್ಟೇ ಒರಟು. ಮದುವೆ ಮನೆಯಲ್ಲಿ ಹಾಡಲು ಬಂದವರು "ಯಾಕೋ ಮೈಕ್ ಸರಿಯಿಲ್ಲ" ಎಂದು ಗೊಣಗಿದರೆ ಸಭೆಯ ಎದುರಿಗೇ ಹೇಳಿಬಿಡುತ್ತಿದ್ದ: "ಮೈಕ್ ಸರಿಯಾಗಿದೆ ಸ್ವಾಮಿ, ಗಂಟಲು ನೋಡ್ಕೊಳಿ." ಇದರಿಂದ ಅವನಿಗೆ ತಪ್ಪಿದ ಮದುವೆಗಳು ಎಷ್ಟೋ. ಆದರೆ ಸದ್ದಿನ ವಿಷಯದಲ್ಲಿ ಅವನು ಸುಳ್ಳು ಹೇಳುವುದಿಲ್ಲ ಎಂಬ ಹೆಸರು ಕಡೂರು, ತರೀಕೆರೆ, ಅಜ್ಜಂಪುರದ ತನಕ ಹಬ್ಬಿತ್ತು. ಅವನೇ ಅದನ್ನು ಆಗಾಗ ಹೇಳಿಕೊಳ್ಳುತ್ತಲೂ ಇದ್ದ.

ಹೆಂಡತಿ ಮಲ್ಲಿಕಾಂಬ ಅಜ್ಜಂಪುರದ ಕಡೆಯವಳು. ಮದುವೆಗೆ ಮೊದಲು ಅಲ್ಲಿನ ಒಂದು ಮಠದ ಕಾರ್ಯಕ್ರಮಕ್ಕೆ ಮೈಕ್ ಕಟ್ಟಲು ಹೋಗಿದ್ದಾಗ ಅವಳ ಹಾಡನ್ನು ತನ್ನದೇ ಹಾರ್ನ್ ಸ್ಪೀಕರಿನಲ್ಲಿ ಕೇಳಿದ. ಅಂದು ಆಂಪ್ಲಿಫೈಯರಿನ ತಿರುಪುಗಳು ಎಲ್ಲೆಲ್ಲಿ ನಿಂತಿದ್ದವೋ ಅಲ್ಲಲ್ಲಿಗೆ ಪೆನ್ಸಿಲಿನಿಂದ ಗೀಟು ಹಾಕಿಕೊಂಡ. ಹುಡುಗಿಯನ್ನು ನೋಡುವ ಶಾಸ್ತ್ರ ನಡೆದದ್ದು ಆಮೇಲೆ. ಮದುವೆಯಾದ ಮೇಲೆ ಎಲ್ಲಿ ಮೈಕ್ ಕಟ್ಟಿದರೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದ. ಬೇರೆಯವರ ಹಾಗೆ "ಹಲೋ, ಹಲೋ, ಒನ್ ಟೂ ತ್ರೀ" ಎಂದವನಲ್ಲ. ಜನ ಸೇರುವ ಮೊದಲು ಅವಳು ಎರಡೇ ಎರಡು ಸಾಲು ಹಾಡಬೇಕು:

ಏಳು ಗುರುವೇ, ಮೂಡಲ ಬೆಳಗಾಯ್ತು,
ಹಟ್ಟಿಯ ಬಾಗಿಲು ತೆರೆದಾವೆ.

ಎರಡೂ ಸಾಲು ಒಂದೇ ಉಸಿರಿಗೆ. ಅದು ದುಂಡಗೆ ಬಂದರೆ ಸೆಟ್ಟು ಸರಿಯಾಯಿತು ಎಂದೇ ಅರ್ಥ. ಓಂಕಾರಮೂರ್ತಿ ತಿರುಪು ಮುಟ್ಟುವುದನ್ನು ಅವಳೂ ನೋಡಿ ನೋಡಿ ಕಲಿತಿದ್ದಳು. ಟ್ರೆಬಲ್ ಎಂದರೆ ದನಿಯ ಚೂಪನ್ನೂ ಸಣ್ಣ ಸದ್ದುಗಳನ್ನೂ ಏರಿಸಿ ಇಳಿಸುವ ತಿರುಪು. "ಟ್ರೆಬಲ್ ಇಳಿಸ್ಬಿಟ್ರಿ, ನನ್ ಸ್ವರ ಕಂಬಳಿ ಹೊದ್ದಂಗಾಯ್ತು" ಎಂದು ದೂರದಿಂದಲೇ ಜಗಳಕ್ಕೆ ಬರುತ್ತಿದ್ದಳು. ಮಂಡಿಯವರು ಕೊಬ್ಬರಿ ತೂಗಲು ಕಲ್ಲು ಇಟ್ಟುಕೊಂಡ ಹಾಗೆ ಅವನಿಗೆ ಅವಳ ದನಿ. ಆ ಕಲ್ಲು ಇಟ್ಟು ಲೋಕವನ್ನೆಲ್ಲ ತೂಗುತ್ತಾರೆ. ಕಲ್ಲನ್ನೇ ತೂಗಿ ನೋಡಬೇಕೆಂದು ಯಾರಿಗೂ ಹೊಳೆಯುವುದಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಅಜ್ಜಂಪುರದ ಆ ಮಠದ ಭಜನೆಯ ಉಸ್ತುವಾರಿ ನೋಡುವ ಈರಭದ್ರಪ್ಪ ಅಂಗಡಿಗೆ ಬಂದ. ಮಠದಲ್ಲಿ ಬೆಳಗಿನ ಜಾವ ಹಾಕುವುದು ಮಲ್ಲಿಕಾಂಬಳ ಹಾಡುಗಳನ್ನೇ. ಮದುವೆಯಾದ ಹೊಸತರಲ್ಲಿ ಕ್ಯಾಸೆಟ್ಟಿನಲ್ಲಿ ಹಿಡಿದದ್ದು. ಅದನ್ನೇ ಸೀಡಿಗೆ, ಸೀಡಿಯಿಂದ ಪೆನ್ ಡ್ರೈವಿಗೆ ಇಳಿಸಿ ಇಳಿಸಿ ಈಗ ಯಾರೋ ಬಾವಿಯೊಳಗೆ ಕೂತು ಹಾಡಿದಂತಾಗಿತ್ತು.

"ಹನ್ನೆರಡು ಹಾಡೂ ಅಕ್ಕಾರು ಇನ್ನೊಂದ್ಸಲ ಹಾಡ್ಲಿ ಓಂಕಾರಣ್ಣ. ಶಿವರಾತ್ರಿಯೊಳ್ಗೆ ಕೊಟ್ಬಿಡು" ಎಂದ ಈರಭದ್ರಪ್ಪ.

ತರೀಕೆರೆಯ ಹೈಸ್ಕೂಲಿನಲ್ಲಿ ಲೆಕ್ಕದ ಮೇಡಮ್ಮಾಗಿರುವ ಮಗಳು ಸಂಗೀತಾ ಫೋನಿನಲ್ಲೇ ಆರ್ಡರ್ ಮಾಡಿ ಒಂದು ರೆಕಾರ್ಡರ್ ತರಿಸಿದಳು. ಹಿಡಿಯಲ್ಲಿ ಅಡಗುವಷ್ಟು ಚಿಕ್ಕದು. ತಲೆಯ ಮೇಲೆ ಎರಡು ಪುಟ್ಟ ಮೈಕು, ಜೊತೆಗೆ ಸೆರಗಿಗೆ ಸಿಕ್ಕಿಸುವ ಕಡಲೆಕಾಳಿನಂಥ ಇನ್ನೊಂದು. ಇಡಲು ಒಂದು ಕಪ್ಪು ಚೀಲ. ಅದರ ವೆಲ್ಕ್ರೋ ಅಂಟುಪಟ್ಟಿ ಬಿಚ್ಚಿದರೆ ಚರ್‍ರ್ ಎಂದು ಸದ್ದು. "ಹತ್ತು ದಿನದೊಳ್ಗೆ ಬೇಡ ಅಂದ್ರೆ ವಾಪಸ್ ತಗೋತಾರೆ ಅಪ್ಪಾಜಿ, ಚೆನ್ನಾಗಿ ಪರೀಕ್ಷೆ ಮಾಡಿ" ಎಂದಳು. ಲೆಕ್ಕದಲ್ಲಿ ಡುಮ್ಕಿ ಹೊಡೆದ ಅಪ್ಪ, ಲೆಕ್ಕದ ಮೇಡಂ ಕೊಟ್ಟ ಯಂತ್ರಕ್ಕೆ ಅಂಕ ಹಾಕಲು ಕೂತ.

ಮೊದಲ ದಿನ ಖಾಲಿ ಸದ್ದಿನ ಪರೀಕ್ಷೆ. ಅಂಗಡಿಯ ಷಟರ್ ಎಳೆದು, ಫ್ಯಾನ್ ಆರಿಸಿ, ಏನೂ ಇಲ್ಲದ್ದನ್ನು ಹತ್ತು ನಿಮಿಷ ಹಿಡಿದ. ಹೆಡ್‌ಫೋನ್ ಹಾಕಿಕೊಂಡು ಯಂತ್ರ ತಾನೇ ಎಷ್ಟು ಸುಯ್ಯೆನ್ನುತ್ತದೆ ಎಂದು ಆಲಿಸಿ ಹತ್ತಕ್ಕೆ ಎಂಟು ಕೊಟ್ಟ. ಎರಡನೇ ದಿನ ಪ್ಲಾಟ್‌ಫಾರಮ್ಮಿಗೆ ಹೋಗಿ ರೈಲಿನ ಹಾರ್ನ್ ಹಿಡಿದ. ಯಂತ್ರವೇ ಸದ್ದು ಏರಿಸಿ ಇಳಿಸುವಂತೆ ಬಿಟ್ಟರೆ ಹಾರ್ನ್ ಬಂದಾಗ ಮಿಕ್ಕದ್ದೆಲ್ಲ ಮುಳುಗಿ, ಆಮೇಲೆ ನಿಧಾನವಾಗಿ ಮೇಲೆ ಬರುತ್ತಿತ್ತು. "ಹಾಡಿಗೆ ಇದು ಬ್ಯಾಡ, ಕೈಯಲ್ಲೇ ಲೆವೆಲ್ ಇಡ್ಬೇಕು" ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡ. ಮೂರನೇ ದಿನ ಮನೆಯ ನಡುಮನೆಯಲ್ಲಿ ಮಲ್ಲಿಕಾಂಬಳನ್ನು ಕೂರಿಸಿ, ಸೆರಗಿಗೆ ಮೈಕ್ ಸಿಕ್ಕಿಸಿ, ಆ ಎರಡು ಸಾಲು ಹಾಡಿಸಿದ.

ಆಗ ಕೇಳಿಸಿತು. ಸಾಲು ಶುರುವಾಗುವ ಮುಂಚೆ, ಅವಳು ಉಸಿರೆಳೆದುಕೊಳ್ಳುವ ಜಾಗದಲ್ಲಿ, ತೀರಾ ಸಣ್ಣಗೆ ಚರಚರ. ಉಗುರಿನಿಂದ ಒಣ ಎಲೆ ಗೀರಿದಂತೆ.

ಆ ಸದ್ದು ಯಂತ್ರದ್ದಾಗಿರಲಿಲ್ಲ. ಅದು ಮಲ್ಲಿಕಾಂಬಳ ಎದೆಯೊಳಗಿನಿಂದ ಬರುತ್ತಿತ್ತು. ಇದನ್ನು ಮುಂಚೆಯೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಓಂಕಾರಮೂರ್ತಿಗೆ ಅದು ಗೊತ್ತಾದದ್ದು ಹದಿನೇಳನೇ ದಿನ, ಅಲ್ಲಿಯ ತನಕ ಅವನು ಬಹಳ ಹುರುಪಿನಲ್ಲಿದ್ದ. ಕಳ್ಳ ಸಿಕ್ಕೇ ಸಿಗುತ್ತಾನೆ ಎಂಬ ಹುರುಪು.

ತೀರ್ಥಪ್ಪನ ಸೂತ್ರ ಹಿಡಿದು ಹೊರಟ. ಬ್ಯಾಟರಿ ಬದಲಾಯಿಸಿದ, ಸದ್ದು ಇತ್ತು. ಮೆಮೊರಿ ಕಾರ್ಡ್ ಬದಲಾಯಿಸಿದ, ಇತ್ತು. ಹೆಡ್‌ಫೋನ್ ಬೇರೆ, ವೈರ್ ಬೇರೆ, ಇತ್ತು. ನಡುಮನೆ ಬಿಟ್ಟು ದೇವರ ಮನೆಗೆ, ಅಲ್ಲಿಂದ ಅಂಗಡಿಗೆ ಕರೆದೊಯ್ದ. ಅವಳ ರೇಷ್ಮೆ ಸೀರೆ ಉಜ್ಜುತ್ತಿರಬೇಕೆಂದು ನೂಲಿನ ಸೀರೆ ಉಡಿಸಿದ. ತಾಳಿಯ ಸರ ತಾಗುತ್ತಿರಬೇಕೆಂದು ಅದನ್ನು ಬೆನ್ನ ಹಿಂದಕ್ಕೆ ಹಾಕಿಸಿದ. ಆ ಕಪ್ಪು ಚೀಲದ ಪಟ್ಟಿಯೇ ಎಲ್ಲೋ ಬಿಚ್ಚಿಕೊಳ್ಳುತ್ತಿದೆ ಎಂದು ಅನುಮಾನ ಬಂದು ಚೀಲವನ್ನು ಹಿತ್ತಲಿನ ತೆಂಗಿನ ಬುಡಕ್ಕೆ ಎಸೆದು ಬಂದ. ಒಂದೊಂದನ್ನೂ ಬದಲಾಯಿಸಿದ, ಹಾಡುವವಳೊಬ್ಬಳನ್ನು ಬಿಟ್ಟು.

ಕಣ್ಣಿಗೆ ಕಂಡದ್ದನ್ನೂ ಅವನು ರೆಕಾರ್ಡಿಂಗಿನ ತೊಡಕು ಎಂದೇ ಬರೆದುಕೊಂಡ. ಎರಡು ಸಾಲಿನ ನಡುವೆ ಅವಳು ನಿಂತು ಉಸಿರೆಳೆದುಕೊಳ್ಳುತ್ತಿದ್ದಳು. ನೋಟ್‌ಬುಕ್ಕಿನಲ್ಲಿ: "ಮೈಕ್ ಬಹಳ ಹತ್ತಿರ, ಉಸಿರು ಎದ್ದು ಕೇಳುತ್ತದೆ." ಹಾರ್ಮೋನಿಯಂನಲ್ಲಿ ಒಂದು ಮನೆ ಕೆಳಗೆ ಶ್ರುತಿ ಕೇಳಿದಳು. ನೋಟ್‌ಬುಕ್ಕಿನಲ್ಲಿ: "ಚಳಿಗೆ ಗಂಟಲು." ಒಣಕೆಮ್ಮು ಬಂದರೆ ಬಟನ್ ಒತ್ತಿ ನಿಲ್ಲಿಸಿ ಕಾಯುತ್ತಿದ್ದ. ಕೆಮ್ಮು ಮುಗಿದ ಮೇಲೆ ಅವಳು ಸ್ವಲ್ಪ ಹೊತ್ತು ಗೋಡೆಗೆ ಒರಗಿರುತ್ತಿದ್ದಳು.

"ಸಾಕಾ?" ಎಂದು ಕೇಳುತ್ತಿದ್ದಳು.

"ಇನ್ನೊಂದ್ಸಲ ಕಣೇ. ಈ ದರಿದ್ರ ಮಿಷನ್ ಜನ್ಮ ಜಾಲಾಡ್ತೀನಿ ನೋಡು."

ಅವಳು ಮತ್ತೆ ಹಾಡುತ್ತಿದ್ದಳು. ಆ ವಾರದಲ್ಲಿ ಅವನು ಅವಳಿಂದ ಆ ಎರಡು ಸಾಲನ್ನು ಅರವತ್ತು ಸಲವಾದರೂ ಹಾಡಿಸಿದ್ದಾನೆ.

ಭಾನುವಾರ ಸಂಗೀತಾ ಬಂದಳು. ಅವ್ವನೂ ಮಗಳೂ ಸ್ಟೇಷನ್ನಿನ ಮೇಲ್ಸೇತುವೆ ದಾಟಿ ಬರುವಾಗ ಮಲ್ಲಿಕಾಂಬ ಮೆಟ್ಟಿಲ ಮೇಲೆ ಎರಡು ಕಡೆ ಕೂತಳಂತೆ. "ಅಪ್ಪಾಜಿ, ಅವ್ವಂಗೆ ಉಬ್ಬಸ ಜಾಸ್ತಿ ಆಗಿದೆ. ಯಾರಿಗಾದ್ರೂ ತೋರ್ಸೋಣ."

"ಐವತ್ತೈದರ ಮೇಲೆ ಮೆಟ್ಲು ಹತ್ತಿದ್ರೆ ನಂಗೂ ಉಬ್ಬಸ ಬತ್ತದೆ" ಎಂದ ಓಂಕಾರಮೂರ್ತಿ, ಹೆಡ್‌ಫೋನ್ ತೆಗೆಯದೆ. "ನೀನು ಕೊಡ್ಸಿರೋ ಮಿಷನ್ಗೇ ಉಬ್ಬಸ ಕಣಮ್ಮ, ಮೊದ್ಲು ಅದನ್ನ ವಾಪಸ್ ಕಳ್ಸು."

ಮಲ್ಲಿಕಾಂಬ ನಕ್ಕಳು. ನಗು ಕೆಮ್ಮಾಗಿ ತಿರುಗಿತು.

ಒಂಬತ್ತನೇ ದಿನ ರೆಕಾರ್ಡರನ್ನು ಡಬ್ಬಕ್ಕೆ ಹಾಕಿ, "ಚರಚರ ಸದ್ದು ಬರುತ್ತದೆ" ಎಂದು ಕಾರಣ ಬರೆಸಿ, ವಾಪಸ್ ಕಳಿಸಿದರು. ಬದಲಿಗೆ ಹೊಸದು ಬರಲು ಇನ್ನೂ ಆರು ದಿನ ಹಿಡಿಯಿತು. ಆ ಆರು ದಿನ ಓಂಕಾರಮೂರ್ತಿ ನೆಮ್ಮದಿಯಾಗಿ ಉಂಡು ಮಲಗಿದ. ಅಂಗಡಿಗೆ ಬಂದವರಿಗೆಲ್ಲ ಈಗಿನ ಮಾಲಿನ ಯೋಗ್ಯತೆಯ ಬಗ್ಗೆ ಭಾಷಣ ಕೊಟ್ಟ.

ಹೊಸದು ಬಂತು. ಡಬ್ಬ ಒಡೆದ ದಿನ ತನ್ನ ಶರ್ಟಿಗೇ ಮೈಕ್ ಸಿಕ್ಕಿಸಿಕೊಂಡು ಎಣಿಕೆ ಹೇಳಿದ; ತಿಳಿನೀರಿನಂತೆ ಬಂತು. ಮಾರನೆಯ ದಿನ ಈರಭದ್ರಪ್ಪ ಹಾಡೆಲ್ಲಿ ಎಂದು ಕೇಳಿಕೊಂಡು ಬಂದಾಗ ಅವನನ್ನೂ ಹಿಡಿದು ಕೂರಿಸಿ ನಾಲ್ಕು ಶಿವನಾಮ ಹೇಳಿಸಿದ. ಅವನ ಸ್ವರ ಕತ್ತೆಗೆ ಪ್ರೀತಿ. ಆದರೆ ಚರಚರ ಇಲ್ಲ. "ಈಗ ಬಂತು ನೋಡು ದಾರಿಗೆ" ಎಂದು ಓಂಕಾರಮೂರ್ತಿ ತೊಡೆ ತಟ್ಟಿಕೊಂಡ.

ಹದಿನೇಳನೇ ದಿನ ಬೆಳಗ್ಗೆ ಮಲ್ಲಿಕಾಂಬ ರೊಟ್ಟಿ ತಟ್ಟುವುದನ್ನು ಅರ್ಧಕ್ಕೆ ಬಿಟ್ಟು ಕೈ ತೊಳೆದು ಬಂದು ಕೂತಳು. ಅವನು ಅವಳ ಸೆರಗಿಗೆ ಮೈಕ್ ಸಿಕ್ಕಿಸಿ ಹೆಡ್‌ಫೋನ್ ಏರಿಸಿಕೊಂಡ. ಅವಳು ಹಾಡುವ ಮೊದಲೇ, ಉಸಿರೆಳೆದ ಕೂಡಲೇ, ಅದೇ ಸದ್ದು.

ಬೇರೆ ಯಂತ್ರ. ಬೇರೆ ಮೈಕು. ಬೇರೆ ಎಲ್ಲ. ಸೂತ್ರ ಅವನ ಕೈ ಹಿಡಿದು ಅವನು ಬೇಡವೆಂದ ಕಡೆಗೇ ನಡೆಸುತ್ತಿತ್ತು.

"ಹಾಡ್ಬೇಡ. ಸುಮ್ಕೆ ಉಸಿರಾಡು" ಎಂದ.

ಅವಳು ಉಸಿರಾಡಿದಳು. ಒಳಗೆ ಎಳೆದುಕೊಂಡಾಗ, ಆ ಎಳೆತ ಮುಗಿಯುವ ತುದಿಯಲ್ಲಿ, ಚರಚರ. ಬಿಟ್ಟಾಗ ಇಲ್ಲ. ಎಳೆದಾಗ ಮತ್ತೆ.

"ಉಸಿರು ಹಿಡ್ಕೊ."

ಹಿಡಿದುಕೊಂಡಳು. ಹೆಡ್‌ಫೋನಿನಲ್ಲಿ ಏನೂ ಇಲ್ಲ. ದೂರದಲ್ಲಿ ಗೂಡ್ಸ್ ರೈಲಿನ ಸದ್ದು, ಒಲೆಯ ಮೇಲೆ ಹೆಂಚು ಕಾದ ಸದ್ದು, ಅಷ್ಟೇ. ಹತ್ತು ಎಣಿಸುವಷ್ಟರಲ್ಲಿ ಅವಳಿಗೆ ತಾಳಲಾಗಲಿಲ್ಲ; ಬಾಯಿ ತೆರೆದು ಉಸಿರೆಳೆದುಕೊಂಡಳು, ಸದ್ದು ಅವನ ಎರಡೂ ಕಿವಿ ತುಂಬಿತು.

ಯಾವುದನ್ನು ನಿಲ್ಲಿಸಿದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ. ಊರಿಗೆಲ್ಲ ಗಂಟಲು ನೋಡಿಕೊಳ್ಳಿ ಎಂದು ಬುದ್ಧಿ ಹೇಳಿದವನು ತನ್ನ ಮನೆಯಲ್ಲಿ ಎರಡು ವಾರ ಮೈಕನ್ನು ಬೈದಿದ್ದ. ಅವನು ಹೆಡ್‌ಫೋನ್ ತೆಗೆದು ಕೆಳಗಿಟ್ಟ.

"ಯಾಕ್ರೀ, ಈ ಮಿಷನ್ನೂ ಕೆಟ್ಟದ್ದಾ?" ಎಂದಳು ಮಲ್ಲಿಕಾಂಬ.

"ಸೀರೆ ಬದ್ಲಾಯ್ಸು" ಎಂದ. "ತರೀಕೆರೆಗೆ ಹೋಗಾಣ."

ತರೀಕೆರೆಯ ಡಾಕ್ಟರು ಅವಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅವಳ ಕೈ ಹಿಡಿದು ಉಗುರು ನೋಡಿದರು. ಉಗುರುಗಳು ಗಿಣಿಮೂತಿಯ ಹಾಗೆ ಬಾಗಿದ್ದವು. ಅದನ್ನು ಓಂಕಾರಮೂರ್ತಿ ಅಂದೇ ಮೊದಲು ನೋಡಿದ್ದು. ಶಿವಮೊಗ್ಗಕ್ಕೆ ಕಳಿಸಿದರು. ಅಲ್ಲಿ ಸ್ಕ್ಯಾನ್ ಆಯಿತು. ಅಲ್ಲಿನ ಎದೆ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಬಿಡಿಸಿ ಬಿಡಿಸಿ ಹೇಳಿದರು. ಶ್ವಾಸಕೋಶ ಗಟ್ಟಿಯಾಗುತ್ತಾ ಬರುವ ಕಾಯಿಲೆ. ಗಟ್ಟಿಯಾದದ್ದು ಮತ್ತೆ ಮೆತ್ತಗಾಗುವುದಿಲ್ಲ. ಮಾತ್ರೆಯಿಂದ ಅದರ ಓಟ ನಿಧಾನ ಮಾಡಬಹುದು, ನಿಲ್ಲಿಸಲಾಗದು.

"ಯಾಕೆ ಬಂತು ಮೇಡಂ?" ಎಂದು ಜೊತೆಗೆ ಬಂದಿದ್ದ ಸಂಗೀತಾ ಕೇಳಿದಳು.

"ಧೂಳಲ್ಲಿ ಕೆಲಸ ಮಾಡಿದ್ದಿಲ್ಲ, ಪಾರಿವಾಳ ಸಾಕಿದ್ದಿಲ್ಲ ಅಂತೀರ. ಕೆಲವರಿಗೆ ಯಾಕೆ ಬರತ್ತೆ ಅಂತ ನಮಗೂ ಗೊತ್ತಿಲ್ಲಮ್ಮ." ಆಮೇಲೆ ಓಂಕಾರಮೂರ್ತಿಯ ಕಡೆ ತಿರುಗಿ, "ನೀವೇ ಸದ್ದು ಕೇಳಿ ಕರ್ಕೊಂಡ್ ಬಂದ್ರಂತೆ, ಹೇಗಿತ್ತು?" ಎಂದರು.

ಅವನು ಬಾಯಿ ತೆರೆಯುವ ಮೊದಲೇ ಅವರೇ ಅಂದರು: "ಬ್ಯಾಗಿನ ಅಂಟುಪಟ್ಟಿ ಮೆಲ್ಲಗೆ ಬಿಚ್ಚಿದ ಹಾಗೆ ಅಲ್ವಾ? ಪುಸ್ತಕದಲ್ಲೂ ಹಾಗೇ ಹೇಳಿದೆ."

ಓಂಕಾರಮೂರ್ತಿಗೆ ತೆಂಗಿನ ಬುಡಕ್ಕೆ ಎಸೆದ ಚೀಲ ನೆನಪಾಯಿತು. ತಲೆಯಾಡಿಸಿದ. ಮಲ್ಲಿಕಾಂಬ ಬಸ್ಸಿನಲ್ಲಿ ಬರುವಾಗ ಕಿಟಕಿ ಮುಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು. ಅವಳು ನಿದ್ದೆ ಮಾಡುತ್ತಿಲ್ಲವೆಂದು ಅವನಿಗೆ ಗೊತ್ತಿತ್ತು.

ಆಮೇಲೆ ಒಂದು ವಾರ ಅವನು ಅಂಗಡಿಯಲ್ಲಿ ಗಿರಾಕಿಗಳ ಕೆಲಸ ಮುಟ್ಟಲಿಲ್ಲ. ಕಾರ್ಯಕ್ರಮಗಳನ್ನು ಹಿಡಿದಿಟ್ಟಿದ್ದ ಹಳೆಯ ಪೆನ್ ಡ್ರೈವುಗಳನ್ನೆಲ್ಲ ಹುಡುಕಿ ತೆಗೆದ. ಮದುವೆ, ಗೃಹಪ್ರವೇಶ, ಮಠದ ಕಾರ್ಯಕ್ರಮ, ಎಲ್ಲದರ ಮೊದಲಿಗೂ ಅವಳ ಆ ಎರಡು ಸಾಲು ಇತ್ತಲ್ಲ. ಆ ಚರಚರ ಯಾವಾಗ ಶುರುವಾಯಿತು ಎಂದು ತಿಳಿಯಬೇಕಿತ್ತು.

ಈ ವರ್ಷದ್ದರಲ್ಲಿ ಇತ್ತು. ಹೋದ ವರ್ಷದ್ದರಲ್ಲೂ, ಇನ್ನೂ ಸಣ್ಣಗೆ, ಇತ್ತು. ಅದಕ್ಕೂ ಹಿಂದಿನ ವರ್ಷ ಅಮೃತಾಪುರದ ಒಂದು ಮದುವೆಯದನ್ನು ಹಾಕಿದಾಗ ಅವನಿಗೆ ಆ ಬೆಳಗು ಕಣ್ಣಿಗೆ ಕಟ್ಟಿದಂತೆ ನೆನಪಾಯಿತು. ಚಪ್ಪರದ ಕೆಳಗೆ ಅವಳು ಉಸಿರೆಳೆದು ಸಾಲು ಎತ್ತಿದಳು. ಮೈಕಿನಲ್ಲಿ ಸಣ್ಣ ಕಿರಿಕಿರಿ ಎನಿಸಿತು. ಅವನು ಕೈ ಚಾಚಿ ಟ್ರೆಬಲ್ಲನ್ನು ಒಂದು ಕೂದಲೆಳೆಯಷ್ಟು ಇಳಿಸಿದ. ಹಾಡುತ್ತಲೇ ಅವಳು ಅವನ ಕೈ ನೋಡಿದ್ದಳು. ಅಂದು ಜಗಳಕ್ಕೆ ಬರಲಿಲ್ಲ.

ಅವನು ಎದ್ದು ಆಂಪ್ಲಿಫೈಯರಿನ ಹತ್ತಿರ ಹೋಗಿ ನೋಡಿದ. ಮೂವತ್ತೆರಡು ವರ್ಷದ ಹಿಂದೆ ಹಾಕಿದ ಪೆನ್ಸಿಲ್ ಗೀಟು ಇನ್ನೂ ಇತ್ತು. ಟ್ರೆಬಲ್ಲಿನ ತಿರುಪು ಆ ಗೀಟಿನಿಂದ ಎರಡು ಬೆರಳು ಕೆಳಗೆ ನಿಂತಿತ್ತು. ಯಾರೂ ಒಮ್ಮೆಲೇ ಇಳಿಸಿದ್ದಲ್ಲ. ಮದುವೆಗೊಂದಿಷ್ಟು, ಮುಂಜಿಗೊಂದಿಷ್ಟು, ಅವನ ಕೈಯೇ ಅದನ್ನು ಇಳಿಸಿಕೊಂಡು ಬಂದಿತ್ತು. ಆ ತಿರುಪಿನ ಮುಂದೆ ನಿಂತು ಓಂಕಾರಮೂರ್ತಿ ಬಿಕ್ಕಿ ಬಿಕ್ಕಿ ಅತ್ತ. ಪಕ್ಕದ ಮಂಡಿಯವರು ರೇಡಿಯೋ ಎಂದುಕೊಂಡರೋ ಏನೋ, ಯಾರೂ ಇಣುಕಿ ನೋಡಲಿಲ್ಲ.

ಶಿವರಾತ್ರಿಗೆ ಇಪ್ಪತ್ತು ದಿನ ಇರುವಾಗ ಮಲ್ಲಿಕಾಂಬಳೇ ಅಂಗಡಿಗೆ ಬಂದಳು. ಮನೆಯಿಂದ ಅಂಗಡಿಗೆ ಇನ್ನೂರು ಹೆಜ್ಜೆ. ಮೂರು ಕಡೆ ನಿಂತು ಬಂದಿದ್ದಳು. "ಹಿಡ್ಕೊಳಿ" ಎಂದು ಸ್ಟೂಲಿನ ಮೇಲೆ ಕೂತಳು. ಹನ್ನೆರಡೂ ಒಂದೇ ಸಲಕ್ಕೆ ಆಗುವುದಿಲ್ಲ, ದಿನಕ್ಕೊಂದು ಹಾಡುತ್ತೇನೆ ಎಂದಳು.

ಅವನು ಲೆವೆಲ್ ಇಟ್ಟು, ಕೆಂಪು ದೀಪ ಹತ್ತಿದ್ದನ್ನು ಎರಡು ಸಲ ನೋಡಿ, ಕೈ ಮಾಡಿದ. ಅವಳು ಹಾಡಿದಳು. ಮೊದಲ ಸಾಲಿನ ನಡುವೆ ಉಸಿರಿಗಾಗಿ ನಿಂತಳು. ಎರಡನೆಯದರಲ್ಲಿ ಎರಡು ಕಡೆ ನಿಂತಳು. ಅವನು ಬಟನ್ ಒತ್ತಲಿಲ್ಲ, ಸನ್ನೆ ಮಾಡಲಿಲ್ಲ. ನಿಂತದ್ದನ್ನೂ ಯಂತ್ರ ಹಿಡಿದುಕೊಂಡಿತು. ಹಾಡು ಮುಗಿದಾಗ ಅವಳ ತುಟಿ ನೀಲಿಯಾಗಿತ್ತು.

"ಡಬ್ಬದಲ್ಲಿ ಹಾಕ್ರಿ, ಕೇಳಾಣ."

ಡಬ್ಬ ಎಂದರೆ ಸ್ಪೀಕರ್. ಅವನು ರೆಕಾರ್ಡರಿನ ವೈರನ್ನು ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದ. ಅವಳಿಗೆ ಬೆನ್ನು ತಿರುಗಿಸಿ ನಿಂತು, ಟ್ರೆಬಲ್ಲನ್ನು ಪೂರ್ತಿ ಕೆಳಕ್ಕೆ ತಿರುಗಿಸಿದ. ಆಮೇಲೆ ಹಾಡು ಹಾಕಿದ. ದನಿ ಮಂಕಾಗಿ ಬಂತು, ಕಂಬಳಿ ಹೊದ್ದ ಹಾಗೆ. ಚರಚರ ಇರಲಿಲ್ಲ.

"ಮಾತ್ರೆ ತಗೊಂಡು ಒಂದು ತಿಂಗ್ಳ ಮೇಲಾಯ್ತಲ್ಲ. ಆ ಸದ್ದು ಹೋಯ್ತೇನ್ರೀ?" ಎಂದಳು ಹಿಂದಿನಿಂದ.

"ಹೋಯ್ತು ಕಣೇ" ಎಂದ ಓಂಕಾರಮೂರ್ತಿ. "ಕ್ಲೀನಾಗ್ ಬಂದಿದೆ."

ಸದ್ದಿನ ವಿಷಯದಲ್ಲಿ ಅವನು ಹೇಳಿದ ಮೊದಲ ಸುಳ್ಳು ಅದು. ಮಲ್ಲಿಕಾಂಬ ಸ್ವಲ್ಪ ಹೊತ್ತು ಕೇಳಿದಳು. ಎದ್ದು, ಮೇಜು ಹಿಡಿದುಕೊಂಡು, ಎರಡು ಹೆಜ್ಜೆ ಹತ್ತಿರ ಬಂದಳು.

"ಮಿಷನ್ ಸರಿಯಾಗಿದೆ ತಾನೇ?"

"ಸರಿಯಾಗಿದೆ."

"ಹಂಗಾದ್ರೆ ಟ್ರೆಬಲ್ ಎತ್ರಿ."

ಅವನ ಕೈ ತಿರುಪಿನ ಮೇಲೇ ಇತ್ತು. ಅವಳೇ ಕೈ ಚಾಚಿ, ಅವನ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತಿರುಪನ್ನು ಹಳೆಯ ಪೆನ್ಸಿಲ್ ಗೀಟಿನ ತನಕ ತಿರುಗಿಸಿದಳು. ಸ್ಪೀಕರಿನಿಂದ ಅವಳ ಹಾಡೂ ಆ ಸದ್ದೂ ಒಟ್ಟಿಗೆ ಬಂದು ಅಂಗಡಿಯ ತುಂಬ ನಿಂತವು. ಇಬ್ಬರೂ ಹಾಡು ಮುಗಿಯುವ ತನಕ ಕೇಳಿದರು. ಆಮೇಲೆ ಅವಳು ನಾಳೆ ಬೆಳಗ್ಗೆ ಎರಡನೇ ಹಾಡು ಹಿಡಿಯಲು ಕಾರ್ಡಿನಲ್ಲಿ ಜಾಗ ಇದೆಯೇ ನೋಡಿಕೊಳ್ಳಿ ಎಂದು ಹೇಳಿ, ಮನೆಯ ಕಡೆ ನಿಧಾನವಾಗಿ ಹೊರಟಳು.